ಗಂಟುಮೂಟೆಯಲ್ಲಿ ವಾಹನ ಸೇರದು



ಆನಮಲೈ ಬೆಟ್ಟದ ಲೈನ್ ಮನೆಗಳಲ್ಲಿಯೂ ತಿರುಪ್ಪೂರಿನ ಬನಿಯನ್ ಕಂಪನಿಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿಯೂ ಇತ್ತೀಚೆಗೆ ಒಂದು ಮಾತು ಹರಿದಾಡುತ್ತಿದೆ. ದುಬೈ, ಕುವೈತ್, ಮಲೇಷಿಯಾ ಎಂದು ದುಡಿಯಲು ಹೋದ ನಮ್ಮ ಮಕ್ಕಳು ಊರಿಗೆ ಮರಳುವಾಗ, ಅಲ್ಲಿ ಓಡಿಸುತ್ತಿದ್ದ ಹಳೆಯ ಕಾರನ್ನು ಹಡಗಿನಲ್ಲಿ ಹಾಕಿಸಿ ತರಬಹುದಂತೆ. ಎರಡು ವರ್ಷ ಹೊರದೇಶದಲ್ಲಿದ್ದವರಿಗೆ ಸುಂಕವೇ ಇಲ್ಲವಂತೆ. ಕೊಯಮತ್ತೂರಿನಲ್ಲಿ ಎಲ್ಲವನ್ನೂ ಮಾಡಿಸಿಕೊಡುವವರಿದ್ದಾರಂತೆ. ಈ ಮೂರು ‘ಅಂತೆ’ಗಳನ್ನು ನಂಬಿ ತಾಯಿಯ ಓಲೆಯನ್ನು ಅಡವಿಡಲು, ತಂದೆಯ ಗ್ರಾಚ್ಯುಟಿ ಹಣಕ್ಕೆ ಕೈಹಾಕಲು ಹೊರಟ ಮನೆಗಳು ಒಂದು ಕ್ಷಣ ನಿಂತು ಯೋಚಿಸಲಿ ಎಂಬುದೇ ಈ ಬರಹದ ಉದ್ದೇಶ.

ವಾಹನ ಬೇಕೆಂಬ ಆಸೆಯನ್ನು ನಾವು ಹಳಿಯುವುದಿಲ್ಲ. ವಾಲ್ಪಾರೈಯಿಂದ ಪೊಳ್ಳಾಚಿಗೆ ಸುಮಾರು 65 ಕಿಲೋಮೀಟರ್. ನಡುವೆ 40 ಹೇರ್‌ಪಿನ್ ತಿರುವುಗಳು. ನಡುರಾತ್ರಿ ಮಗುವಿಗೆ ಜ್ವರ ಏರಿದರೆ, ಹೆರಿಗೆಯ ನೋವು ಬಂದರೆ, ತೋಟದ ಗಾಡಿಗಾಗಿ ರೈಟರ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಕಷ್ಟ ನಿಂತವರಿಗೇ ಗೊತ್ತು. ತಲೆಮಾರುಗಳಿಂದ ಬೇರೆಯವರ ಗಾಡಿಗೆ ಕಾದವರ ಮಗನು ತನ್ನದೇ ಗಾಡಿ ಇರಲಿ ಎಂದು ಬಯಸಿದರೆ ಅದು ಜಂಬವಲ್ಲ. ಪ್ರಶ್ನೆ ಆಸೆಯದ್ದಲ್ಲ, ದಾರಿಯದ್ದು.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯೋಣ. 1962ರ ಕಸ್ಟಮ್ಸ್ ಕಾಯಿದೆಯಲ್ಲಿ ‘ಬ್ಯಾಗೇಜ್’, ಅಂದರೆ ಪ್ರಯಾಣಿಕನ ಸಾಮಾನು, ಎಂಬ ಮಾತಿಗೆ ಅರ್ಥ ಕೊಟ್ಟಿರುವ ಕಡೆಯಲ್ಲಿಯೇ ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಎಂದು ಬರೆದಿದೆ. ಊರಿಗೆ ಮರಳುವವನು ತನ್ನ ಬಟ್ಟೆಬರೆ, ಪಾತ್ರೆ, ಮನೆಯ ಬಳಕೆಯ ಸಾಮಾನುಗಳನ್ನು ಮಿತಿಯೊಳಗೆ ರಿಯಾಯಿತಿಯಿಂದ ತರಬಹುದು. ಕಾರಿಗೂ ಬೈಕಿಗೂ ಆ ರಿಯಾಯಿತಿ ಇಲ್ಲ. ಅವು ಬೇರೆ ಕಡತ, ಬೇರೆ ಷರತ್ತು, ಬೇರೆ ಸುಂಕ.

ಸೆಕೆಂಡ್ ಹ್ಯಾಂಡ್ ವಾಹನದ ಆಮದಿಗೆ ವಿದೇಶ ವ್ಯಾಪಾರ ನೀತಿಯಲ್ಲಿ ಇರುವ ಮುಖ್ಯ ಷರತ್ತುಗಳು ಇವು. ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು. ಕಾರಾದರೆ ಸ್ಟೀರಿಂಗ್ ಬಲಗಡೆ ಇರಬೇಕು. ವೇಗದ ಮೀಟರು ಕಿಲೋಮೀಟರಿನಲ್ಲಿರಬೇಕು. ದೀಪಗಳು ಎಡಬದಿಯ ಸಂಚಾರಕ್ಕೆ ಹೊಂದಬೇಕು. ಮುಂದಿನ ಐದು ವರ್ಷ ರಸ್ತೆಗೆ ಯೋಗ್ಯವಾಗಿದ್ದು ರಿಪೇರಿಯ ಅನುಕೂಲವೂ ಸಿಗಬೇಕು. ಇಳಿಸುವ ಬಂದರು ಮುಂಬಯಿ ಒಂದೇ. ಹಡಗು ಹತ್ತುವ ಮುಂಚೆ ಒಂದು ತಪಾಸಣೆ, ಇಳಿದ ಮೇಲೆ ಪುಣೆಯ ಎ.ಆರ್.ಎ.ಐ.ಯಂತಹ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಮತ್ತೊಂದು ಪರೀಕ್ಷೆ.

ಈಗ ದುಬೈಯ ಕಾರನ್ನು ಈ ಷರತ್ತುಗಳ ಮುಂದೆ ನಿಲ್ಲಿಸಿ ನೋಡಿ. ದುಬೈ, ಸೌದಿ, ಕುವೈತ್, ಕತಾರ್, ಒಮಾನ್, ಬಹ್ರೇನ್ ಈ ಎಲ್ಲ ಕಡೆಗಳಲ್ಲಿಯೂ ಸಂಚಾರ ರಸ್ತೆಯ ಬಲಬದಿಯಲ್ಲಿ. ಕಾರಿನ ಸ್ಟೀರಿಂಗ್ ಎಡಗಡೆ. ಎರಡನೆಯ ಷರತ್ತಿನಲ್ಲಿಯೇ ಅದು ನಿಂತುಹೋಗುತ್ತದೆ. ಮಲೇಷಿಯಾ, ಸಿಂಗಪುರದ ಕಾರಿಗೆ ಸ್ಟೀರಿಂಗ್ ಬಲಗಡೆಯೇ ಇದೆ, ನಿಜ. ಆದರೆ ನಮ್ಮ ಹುಡುಗನು ಕೂಲಿ ಉಳಿಸಿ ಕೊಂಡ ಕಾರಿಗೆ ವಯಸ್ಸು ಮೂರೇ ವರ್ಷ ಇರುವುದು ಅಪರೂಪ.

ಇವೆಲ್ಲ ದಾಟಿತು ಎಂದೇ ಇಟ್ಟುಕೊಳ್ಳೋಣ. ಮುಂದೆ ನಿಂತಿರುವುದು ಸುಂಕ. ಹಳೆಯ ಕಾರಿಗೆ ಮೂಲ ಸುಂಕವೇ ಬಹಳ ಕಾಲ ನೂರಕ್ಕೆ 125 ಇತ್ತು. 2025ರ ಬಜೆಟ್ಟಿನಲ್ಲಿ ಸುಂಕದ ಹೆಸರುಗಳನ್ನು ಬೇರೆಬೇರೆಯಾಗಿ ಹಂಚಿದರೇ ಹೊರತು ಒಟ್ಟು ಭಾರ ಇಳಿಯಲಿಲ್ಲ. ಅದರ ಮೇಲೆ ಜಿ.ಎಸ್.ಟಿ. ಬೇರೆ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದನ್ನು ಕಸ್ಟಮ್ಸಿನವರು ಹಾಗೆಯೇ ಒಪ್ಪುವುದಿಲ್ಲ. ಆ ಕಾರು ಹೊಸದಾಗಿದ್ದಾಗಿನ ಬೆಲೆಯಲ್ಲಿ ಸವಕಳಿ ಕಳೆದು, ಹಡಗಿನ ಬಾಡಿಗೆ ಮತ್ತು ವಿಮೆ ಕೂಡಿಸಿ ಅವರೇ ಬೆಲೆ ಕಟ್ಟುತ್ತಾರೆ. ಹಾಗೆ ಕಟ್ಟಿದ ಬೆಲೆ 4 ಲಕ್ಷ ರೂಪಾಯಿ ಆದರೆ ಸುಂಕವೇ 5 ಲಕ್ಷ ಮೀರುತ್ತದೆ. ಕಾರಿನ ಬೆಲೆಯನ್ನೂ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಜಿ.ಎಸ್.ಟಿ. ಹಾಕುತ್ತಾರೆ. ಆ ಹಣಕ್ಕೆ ಪೊಳ್ಳಾಚಿಯಲ್ಲಿಯೇ ಹೊಸ ಕಾರು ಸಿಗುತ್ತದೆ.

‘ಎರಡು ವರ್ಷ ಹೊರದೇಶದಲ್ಲಿದ್ದರೆ’ ಎಂಬ ಮಾತಿನಲ್ಲಿ ಕಾಳಿನಷ್ಟು ನಿಜವಿದೆ. ಅದರಿಂದಲೇ ಅದು ಹೆಚ್ಚು ಅಪಾಯಕಾರಿ. ಎರಡು ವರ್ಷ ಎಡೆಬಿಡದೆ ಹೊರದೇಶದಲ್ಲಿದ್ದು ಕಾಯಂ ನೆಲೆಸಲು ಮರಳುವವರನ್ನು ನಿಯಮಗಳು ಪ್ರತ್ಯೇಕ ವರ್ಗವಾಗಿ ಕಂಡಿರುವುದು ಹೌದು. ಆದರೆ ಅದು ವಾಹನ ತರಲು ಕೊಡುವ ಅನುಮತಿಗೆ ಸಂಬಂಧಿಸಿದ್ದು, ಸುಂಕದ ಮಾಫಿಗಲ್ಲ. ಸುಂಕವನ್ನು ಪೂರ್ತಿ ಕಟ್ಟಲೇಬೇಕು. ದಲ್ಲಾಳಿಯು ಮೊದಲ ಅರ್ಧವನ್ನು ಮಾತ್ರ ಹೇಳಿ ಮುಂಗಡ ಕೇಳುತ್ತಾನೆ.

ಇಷ್ಟು ಕಠಿಣ ನಿಯಮ ಏಕೆ ಎಂದು ಕೇಳುವುದು ಸಹಜ. ಸಿರಿವಂತ ದೇಶಗಳು ಎಸೆಯುವ ವಾಹನಗಳೆಲ್ಲ ಬಡ ದೇಶಗಳ ರಸ್ತೆಗೆ ಬಂದು ಬೀಳಬಾರದು ಎಂಬುದು ಒಂದು ಕಾರಣ. ಇಲ್ಲಿಯ ಕೈಗಾರಿಕೆ ಉಳಿಯಬೇಕೆಂಬುದು ಇನ್ನೊಂದು. ಕೊಯಮತ್ತೂರಿನ ಫೌಂಡ್ರಿಗಳಲ್ಲಿ ಎರಕ ಹೊಯ್ಯುವವರೂ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ದುಡಿಯುವವರೂ ನಮ್ಮಂಥ ಕೂಲಿಯವರೇ. ಆದುದರಿಂದ ನಿಯಮವನ್ನು ನಾವು ವಿರೋಧಿಸುವುದಿಲ್ಲ. ಆದರೆ ಸರ್ಕಾರದ ಮೇಲೆ ನಮ್ಮ ದೂರು ಒಂದಿದೆ. ಈ ನಿಯಮಗಳು ವಕೀಲರ ಇಂಗ್ಲಿಷಿನಲ್ಲಿ ಮಲಗಿವೆ. ಹೊರದೇಶಕ್ಕೆ ಹೋಗುವ ಕಾರ್ಮಿಕನ ಕಾಗದಪತ್ರ ನೋಡುವ ಕಚೇರಿಗಳಲ್ಲಿಯೂ ನಮ್ಮ ರಾಯಭಾರ ಕಚೇರಿಗಳಲ್ಲಿಯೂ ತಮಿಳು, ಕನ್ನಡ, ಮಲಯಾಳ ಭಾಷೆಗಳಲ್ಲಿ ಒಂದು ಪುಟದ ತಿಳಿವಳಿಕೆ ಪತ್ರ ಅಂಟಿಸಿದ್ದರೆ ದಲ್ಲಾಳಿಯ ಅರ್ಧ ವ್ಯಾಪಾರ ಅಲ್ಲಿಯೇ ನಿಲ್ಲುತ್ತಿತ್ತು.

ಇನ್ನೊಂದು ಬಲೆ ನಮ್ಮ ಮನೆಯ ಬಾಗಿಲಿಗೇ ಬಂದಿದೆ. 2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ಆಪರೇಷನ್ ನುಮ್ಖೋರ್’ ಎಂಬ ಹೆಸರಿನಲ್ಲಿ ಕೇರಳದ ಅನೇಕ ಕಡೆ ಶೋಧ ನಡೆಸಿ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ಹಿಡಿದರು. ನುಮ್ಖೋರ್ ಎಂದರೆ ಭೂತಾನದ ಭಾಷೆಯಲ್ಲಿ ವಾಹನ. ಭೂತಾನದಲ್ಲಿ ಬಳಸಿದ ವಾಹನಗಳನ್ನು ಸುಂಕವಿಲ್ಲದೆ ಗಡಿ ದಾಟಿಸಿ, ಸೇನೆ ಮತ್ತು ರಾಯಭಾರ ಕಚೇರಿಗಳ ಹೆಸರಿನ ನಕಲಿ ಕಾಗದಗಳಿಂದ ಹಿಮಾಚಲ ಪ್ರದೇಶ ಮುಂತಾದ ಕಡೆ ನೋಂದಾಯಿಸಿ ಮಾರಲಾಗಿದೆ ಎಂದು ಅಧಿಕಾರಿಗಳು ಹೇಳಿದರು. ಈ ಜಾಲದ ಒಂದು ಕೊಂಡಿ ಕೊಯಮತ್ತೂರಿನಲ್ಲಿದೆ ಎಂಬುದೂ ಅವರ ಹೇಳಿಕೆಯೇ. ತಪ್ಪಿತಸ್ಥರು ಯಾರು ಎಂಬ ತೀರ್ಪು ನ್ಯಾಯಾಲಯದ್ದು. ಅದನ್ನು ನಾವು ನುಡಿಯುವುದಿಲ್ಲ. ಆದರೆ ಕಲಿಯಬೇಕಾದ ಪಾಠಕ್ಕೆ ತೀರ್ಪಿನ ತನಕ ಕಾಯಬೇಕಾಗಿಲ್ಲ.

ಅಂಥ ಗಾಡಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ‘ಹಳೆಯ ಮಿಲಿಟರಿ ಜೀಪು, ಅಗ್ಗ’ ಎಂದು ಬೆಟ್ಟದ ಹುಡುಗನ ಕೈಗೆ ಬರಬಹುದು. ಸಿರಿವಂತನು ಕೊಂಡಿದ್ದರೆ ವಕೀಲನನ್ನು ಇಟ್ಟು ಹೋರಾಡುತ್ತಾನೆ; ಗಾಡಿ ಹೋದರೂ ಅವನ ಮನೆಯ ಒಲೆ ಆರುವುದಿಲ್ಲ. ಕೂಲಿಯವನ ಸಂಗತಿ ಹಾಗಲ್ಲ. ಕಳ್ಳಸಾಗಣೆಯ ವಾಹನ ಯಾರ ಅಂಗಳದಲ್ಲಿದ್ದರೂ ಮುಟ್ಟುಗೋಲಿಗೆ ಗುರಿ. ಸುಳ್ಳು ಕಾಗದದಿಂದ ಪಡೆದ ನೋಂದಣಿಯನ್ನು ಸಾರಿಗೆ ಕಚೇರಿ ರದ್ದು ಮಾಡಬಹುದು. ಅಂಥ ಗಾಡಿ ತಿರುವಿನಲ್ಲಿ ಒಬ್ಬರಿಗೆ ಪೆಟ್ಟು ಮಾಡಿದರೆ ವಿಮೆಯವರು ಕೈ ತೊಳೆದುಕೊಳ್ಳಲು ನೋಡುತ್ತಾರೆ. ಪರಿಹಾರದ ಹೊರೆ ನಮ್ಮ ತಲೆಗೇ ಬರಬಹುದು. ಸಂಬಳಕ್ಕೆ ಡ್ರೈವರಾಗಿ ಹೋದವನು ಕೂಡ ಠಾಣೆಯ ಬೆಂಚಿನ ಮೇಲೆ ಕೂರಬೇಕಾದೀತು.

ಪವಿತ್ರ ಶಾಸ್ತ್ರದಲ್ಲಿ ದೇಶದಿಂದ ದೇಶಕ್ಕೆ ವಾಹನ ಹೋದ ಒಂದು ಸಂಗತಿಯನ್ನು ನಮ್ಮ ಸಂಡೇ ಸ್ಕೂಲಿನ ಮಕ್ಕಳೂ ಬಲ್ಲರು. ಯೋಸೇಫನು ತನ್ನ ಮುಪ್ಪಿನ ತಂದೆಯನ್ನು ಕರೆತರಲು ಐಗುಪ್ತದಿಂದ ಕಾನಾನಿಗೆ ಬಂಡಿಗಳನ್ನು ಕಳುಹಿಸಿದನು. ಆ ಬಂಡಿಗಳನ್ನು ಕಂಡ ಮೇಲೆ ಯಾಕೋಬನಿಗೆ ಜೀವ ಬಂದಂತಾಯಿತು ಎಂದು ಆದಿಕಾಂಡದ 45ನೇ ಅಧ್ಯಾಯದಲ್ಲಿ ಓದುತ್ತೇವೆ. ಅಲ್ಲಿ ಎರಡು ವಿಷಯಗಳನ್ನು ಗಮನಿಸಿರಿ. ಬಂಡಿಗಳು ಹೊರಟದ್ದು ಫರೋಹನ ಅಪ್ಪಣೆಯಿಂದ, ಕಳ್ಳದಾರಿಯಲ್ಲಲ್ಲ. ಎರಡನೆಯದಾಗಿ, ಹಳೆಯ ಸಾಮಾನುಗಳ ಬಗ್ಗೆ ಚಿಂತೆ ಬೇಡವೆಂದು ಅರಸನು ಹೇಳಿ ಕಳುಹಿಸಿದನು. ಬಂಡಿಗಳು ಬಂದದ್ದು ಮಕ್ಕಳು, ಹೆಂಗಸರು, ಮುದುಕನಾದ ತಂದೆ ಇವರಿಗಾಗಿ. ಮನುಷ್ಯರಿಗಾಗಿ ಬಂಡಿಯೇ ಹೊರತು ಬಂಡಿಗಾಗಿ ಮನುಷ್ಯರಲ್ಲ.

ನಮ್ಮ ಬೆಟ್ಟಗಳು ಇನ್ನೊಂದು ವಲಸೆಯನ್ನೂ ಕಂಡಿವೆ. 1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೋ ಸಹಿ ಹಾಕಿದ ಒಪ್ಪಂದದಂತೆ ಸಿಲೋನಿನ ತೋಟಗಳಿಂದ 5,25,000 ಜನರನ್ನು ಭಾರತ ಸ್ವೀಕರಿಸಬೇಕಾಯಿತು. ಒಂದು ಕುಟುಂಬ ತರಬಹುದಾದ ಆಸ್ತಿಯ ಮಿತಿಯನ್ನು 4,000 ರೂಪಾಯಿಗಿಂತ ಕಡಿಮೆ ಮಾಡಕೂಡದು ಎಂಬ ಮಾತೂ ಅದರಲ್ಲಿತ್ತು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಬರುವ ಹಡಗಿನಲ್ಲಿ ತಗಡಿನ ಪೆಟ್ಟಿಗೆ ಹೊತ್ತು ಅವರು ಬಂದರು. ಅವರಿಗಾಗಿ ನೀಲಗಿರಿಯಲ್ಲಿಯೂ ವಾಲ್ಪಾರೈಯಲ್ಲಿಯೂ ಸರ್ಕಾರಿ ಟೀ ತೋಟಗಳಾದವು. ಕರ್ನಾಟಕದ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟಗಳಾದವು. ಪಿ.ಎಫ್., ಗ್ರಾಚ್ಯುಟಿ ಎಂದು ತಂದ ಅಲ್ಪ ಹಣವನ್ನು ಕಾಪಾಡಿಕೊಂಡವರು ಕಾಲೂರಿದರು. ಸವಿಮಾತಿನ ಮಧ್ಯವರ್ತಿಗೆ ಒಪ್ಪಿಸಿದವರು ಮತ್ತೆ ಬರಿಗೈಯಿಂದ ಮೊದಲು ಮಾಡಬೇಕಾಯಿತು. ಇಂದು ಗಲ್ಫಿನಿಂದ ಬರುವವನ ಹಣಕ್ಕೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಅಲ್ಲಿಯ ವಾಹನವನ್ನು ಅಲ್ಲಿಯೇ ಮಾರುವುದು ಉತ್ತಮ. ಮಾರುವಾಗ ಹೆಸರು ಬದಲಾವಣೆಯನ್ನು ಪೂರ್ತಿ ಮಾಡಿಸಿ ಕಾಗದ ಇಟ್ಟುಕೊಳ್ಳಬೇಕು. ವಾಹನದ ಮೇಲಿನ ಸಾಲ ಮತ್ತು ಸಂಚಾರದ ದಂಡವನ್ನು ತೀರಿಸಬೇಕು. ಇಲ್ಲವಾದರೆ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿಯೇ ತಡೆಯಾದೀತು. ಬಂದ ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಬೇಕು. ‘ನಿಮ್ಮ ಮಗ ಕಳುಹಿಸಿದ ಕಾರು ಕಸ್ಟಮ್ಸಿನಲ್ಲಿ ನಿಂತಿದೆ, ಬಿಡಿಸಲು ಹಣ ಹಾಕಿರಿ’ ಎಂದು ಯಾರಾದರೂ ಫೋನು ಮಾಡಿದರೆ ಒಂದು ಕಾಸೂ ಕಳುಹಿಸಬೇಡಿರಿ. ಸರ್ಕಾರದ ಸುಂಕ ಯಾರೊಬ್ಬರ ಸ್ವಂತ ಖಾತೆಗೂ ಹೋಗುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಿರಿ.

ಇಲ್ಲಿಯೇ ಹಳೆಯ ಗಾಡಿ ಕೊಳ್ಳುವವರು ಆರ್.ಸಿ. ಪುಸ್ತಕದ ಹೆಸರು, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಇವುಗಳನ್ನು ಗಾಡಿಯ ಮೇಲಿನದಕ್ಕೆ ತಾಳೆ ನೋಡಬೇಕು. ಚಾಮರಾಜನಗರ, ಕೊಳ್ಳೇಗಾಲದ ಕಡೆ ಬಂಧುಬಳಗವಿರುವ ನಮ್ಮ ಮನೆಗಳಿಗೆ ಇನ್ನೊಂದು ಮಾತು. ದಿಂಬಂ ಘಟ್ಟ ಇಳಿದು ಬಂದ ಕರ್ನಾಟಕದ ಬೈಕನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ತಮಿಳುನಾಡಿನ ನಂಬರು ಪಡೆಯಲೇಬೇಕು. ಇದು 1988ರ ಮೋಟಾರು ವಾಹನ ಕಾಯಿದೆಯ ಮಾತು. ಮೊದಲು ನೋಂದಣಿಯಾದ ಕಚೇರಿಯಿಂದ 28ನೇ ಫಾರಂನಲ್ಲಿ ಎನ್.ಒ.ಸಿ. ತಂದು, ಇಲ್ಲಿ 27ನೇ ಫಾರಂನಲ್ಲಿ ಅರ್ಜಿ ಕೊಟ್ಟು, ಇಲ್ಲಿಯ ರಸ್ತೆ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲನ್ನು ಮರಳಿ ಕೇಳಲು ಮರೆಯಬೇಡಿರಿ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ತೋಟದ ಕೆಲಸದಿಂದ ನಿವೃತ್ತಿಯಾದ ದಿನ ಲೈನ್ ಮನೆಯ ಬೀಗದಕೈ ಹಿಂದಕ್ಕೆ ಕೊಡಬೇಕು. ಮೂವತ್ತು ವರ್ಷ ಎಲೆ ಕಿತ್ತ ತಾಯಿಗೆ ಆಮೇಲೆ ತಲೆಯ ಮೇಲೆ ಸೂರು ಎಲ್ಲಿ? ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವನೆಂದು ಕರ್ತನು ಹೇಳಿದ ಸಾಮ್ಯ ಲೂಕನ 14ನೇ ಅಧ್ಯಾಯದಲ್ಲಿದೆ. ಮಗನ ಐದು ವರ್ಷದ ಉಳಿತಾಯ ಮುಂಬಯಿ ಬಂದರಿನ ಸುಂಕಕ್ಕೆ ಹೋಗಬೇಕೋ, ಉಡುಮಲೈ ಅಥವಾ ಪೊಳ್ಳಾಚಿಯ ಕಡೆ ಎರಡು ಸೆಂಟು ನೆಲಕ್ಕೆ ಹೋಗಬೇಕೋ ಎಂದು ಮನೆಯವರೆಲ್ಲ ಕೂತು ಮಾತಾಡಲಿ. ನೆಲ ಕೊಂಡ ಮೇಲೆ ಉಳಿದ ಹಣದಲ್ಲಿ ಊರಿನಲ್ಲೇ ಒಂದು ಹಳೆಯ ಗಾಡಿ ಕೊಳ್ಳಲಿ. ಅದರಲ್ಲಿ ತಾಯಿಯನ್ನು ಆಸ್ಪತ್ರೆಗೂ ಆರಾಧನೆಗೂ ಕರೆದೊಯ್ಯಲಿ. ಗಲ್ಫಿನಲ್ಲಿ ಕಲಿತ ಡ್ರೈವಿಂಗ್, ಮೆಕ್ಯಾನಿಕ್ ಕೆಲಸಗಳಿಗೆ ಯಾವ ಬಂದರಿನಲ್ಲೂ ಸುಂಕವಿಲ್ಲ. ಅವನ್ನು ಧಾರಾಳವಾಗಿ ತರಲಿ.

ನಮ್ಮ ಕೂಟದ ಹಿರಿಯರಲ್ಲಿ ಒಂದು ವಿನಂತಿ. ಮಗ ಹೊರದೇಶದಿಂದ ಬರುವ ಸುದ್ದಿ ಯಾವ ಮನೆಗೆ ಬಂದರೂ, ಆ ಮನೆಯವರು ದಲ್ಲಾಳಿಯ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುವ ಮೊದಲು ಅದನ್ನು ಓದಿ ಹೇಳಬಲ್ಲ ಒಬ್ಬರನ್ನು ಪ್ರತಿ ಡಿವಿಜನ್ನಿನಲ್ಲಿಯೂ ಗೊತ್ತುಮಾಡಿರಿ. ಓದಿದವರು ಓದು ಬಾರದವರ ಪಕ್ಕದಲ್ಲಿ ಅರ್ಧ ಗಂಟೆ ಕೂರುವುದೂ ಸೇವೆಯೇ. ಬರುವ ಭಾನುವಾರದ ಆರಾಧನೆಯ ನಂತರವೇ ಆ ಹೆಸರುಗಳನ್ನು ಬರೆದುಕೊಳ್ಳಿರಿ.