ಕಾರ್ಡ್ ಕೆಟ್ಟಿಲ್ಲ, ಡ್ರೈವರ್ ಇಲ್ಲ ಅಷ್ಟೆ

"ಹೊಸ ವಿಂಡೋಸ್ ಹಾಕಿಸಿದೆವು, ಹಳೆಯ ಕಾರ್ಡ್ ಕೆಟ್ಟುಹೋಯಿತು." ಈ ಮಾತನ್ನು ನಮ್ಮ ಲ್ಯಾಬಿನಲ್ಲೂ ಕೇಳಿದ್ದೇನೆ, ಪೇಟೆಯ ಡಿಟಿಪಿ ಅಂಗಡಿಗಳಲ್ಲೂ ಕೇಳಿದ್ದೇನೆ. ಮಾತಿನ ಮೊದಲ ಅರ್ಧ ನಿಜ. ಎರಡನೆಯ ಅರ್ಧ ಹೆಚ್ಚಿನ ಸಲ ನಿಜವಲ್ಲ. ಸಾಫ್ಟ್‌ವೇರ್ ಬದಲಾದ ಮಾತ್ರಕ್ಕೆ ಕಾರ್ಡಿನ ತಾಮ್ರದ ಗೆರೆ ಸವೆಯುವುದಿಲ್ಲ, ಚಿಪ್ ಸುಡುವುದಿಲ್ಲ. ಬಸ್ಸು ಗಟ್ಟಿಮುಟ್ಟಾಗಿದೆ, ಓಡಿಸಲು ಡ್ರೈವರ್ ಬಂದಿಲ್ಲ, ಅಷ್ಟೆ. ಡ್ರೈವರ್ ಬಾರದ ದಿನ ಯಾರೂ ಬಸ್ಸನ್ನು ಗುಜರಿಗೆ ಹಾಕುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತೇವೆ.

ಕಾರ್ಡಿಗೂ ಆಪರೇಟಿಂಗ್ ಸಿಸ್ಟಮಿಗೂ ನಡುವೆ ದುಭಾಷಿಯಂತೆ ನಿಲ್ಲುವ ಪುಟ್ಟ ಪ್ರೋಗ್ರಾಮೇ ಡ್ರೈವರ್. 32 ಬಿಟ್ ವಿಂಡೋಸಿಗೆ ಬರೆದ ಡ್ರೈವರನ್ನು 64 ಬಿಟ್ ವಿಂಡೋಸ್ ಒಪ್ಪುವುದಿಲ್ಲ. ವಿಸ್ತಾದಿಂದ ಈಚೆಗೆ 64 ಬಿಟ್ ವಿಂಡೋಸ್, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ತನ್ನ ಕರ್ನೆಲ್ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಬರುತ್ತದೆ. ಈ ನಿಯಮಗಳಿಗೆ ಸುರಕ್ಷತೆಯ ಕಾರಣವಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಹಳೆಯ ಕಾರ್ಡಿಗೆ ಹೊಸ ಡ್ರೈವರ್ ಬರೆಯಬೇಕೋ ಬೇಡವೋ ಎನ್ನುವುದು ತಯಾರಕರ ವ್ಯಾಪಾರದ ತೀರ್ಮಾನ. 2008ರಲ್ಲಿ ಕ್ರಿಯೇಟಿವ್ ಕಂಪನಿಯ ಸೌಂಡ್ ಕಾರ್ಡುಗಳು ವಿಸ್ತಾದಲ್ಲಿ ಸರಿಯಾಗಿ ಕೆಲಸ ಮಾಡದಿದ್ದಾಗ, ಬ್ರೆಜಿಲ್‌ನ ಒಬ್ಬ ಹವ್ಯಾಸಿ ಆ ಡ್ರೈವರುಗಳನ್ನು ತಾನೇ ತಿದ್ದಿ ಹಂಚಿದ. ನಿಲ್ಲಿಸು ಎಂದು ಕಂಪನಿ ಬಹಿರಂಗವಾಗಿಯೇ ಹೇಳಿತು. ಗ್ರಾಹಕರು ಕಂಪನಿಯ ಮೇಲೆಯೇ ತಿರುಗಿಬಿದ್ದರು. ಕಾರ್ಡಿನಲ್ಲಿ ಜೀವ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಕಾಲೇಜಿನದೇ ಒಂದು ಉದಾಹರಣೆ ಕೊಡುತ್ತೇನೆ. ಶುಲ್ಕದ ರಸೀದಿ ಮುದ್ರಿಸುವುದು ಕಚೇರಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದರ ಪಿನ್ನುಗಳು ರಿಬ್ಬನ್ ಮೇಲೆ ಬಡಿಯುವುದರಿಂದ ಕಾರ್ಬನ್ ಪ್ರತಿಯೂ ಒಟ್ಟಿಗೇ ಸಿಗುತ್ತದೆ. ಲೇಸರ್ ಪ್ರಿಂಟರಿನಲ್ಲಿ ಇದು ಆಗದು. ಈ ಪ್ರಿಂಟರಿನ ದಪ್ಪ ಪ್ಯಾರಲಲ್ ಕೇಬಲ್ ಚುಚ್ಚಲು ಕಂಪ್ಯೂಟರಿನೊಳಗೆ ಒಂದು ಪಿಸಿಐ ಕಾರ್ಡ್ ಇದೆ. ಕಳೆದ ವರ್ಷ ಅಲ್ಲಿ 32 ಬಿಟ್ ವಿಂಡೋಸ್ 7 ತೆಗೆದು 64 ಬಿಟ್ ವಿಂಡೋಸ್ 10 ಹಾಕಿದರು. ಕಾರ್ಡಿನ ಮುಂದೆ ಹಳದಿ ಗುರುತು ಬಂತು, ರಸೀದಿ ನಿಂತಿತು. ಕಾರ್ಡಿನೊಂದಿಗೆ ಬಂದಿದ್ದ ಸಿ.ಡಿ.ಯಲ್ಲಿ ಇದ್ದದ್ದು 32 ಬಿಟ್ ಡ್ರೈವರ್ ಮಾತ್ರ. "ಪ್ರಿಂಟರನ್ನೇ ಬದಲಾಯಿಸಿ" ಎಂಬ ಸಲಹೆಯೂ ಬಂತು.

ಲ್ಯಾಬಿನ ಸರ್ ಡಿವೈಸ್ ಮ್ಯಾನೇಜರ್ ತೆರೆದು, ಆ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ತೋರಿಸಿದರು. "ಡಬ್ಬದ ಮೇಲಿನ ಹೆಸರು ಬಿಡಪ್ಪ, ಈ ನಂಬರ್ ನೋಡು" ಎಂದರು. ಪ್ರತಿಯೊಂದು ಪಿಸಿಐ ಕಾರ್ಡಿನಲ್ಲೂ ಎರಡು ಸಂಖ್ಯೆಗಳಿರುತ್ತವೆ. ಒಂದು ಚಿಪ್ ಮಾಡಿದವರದು, ಇನ್ನೊಂದು ಚಿಪ್ಪಿನದು. ನಮ್ಮದರಲ್ಲಿ 9710 ಮತ್ತು 9865 ಎಂದಿತ್ತು. 9710 ಎಂದರೆ ಮಾಸ್‌ಚಿಪ್, ನಮ್ಮ ನೆರೆಯ ಹೈದರಾಬಾದಿನ ಕಂಪನಿ! ಆ ಚಿಪ್‌ಗಳ ವ್ಯವಹಾರ ಮುಂದೆ ತೈವಾನಿನ ಏಸಿಕ್ಸ್ ಕಂಪನಿಯ ಕೈಸೇರಿತು. ಕಾರ್ಡ್ ಮಾರಿದವರ ಬಳಿ ಇಲ್ಲದ 64 ಬಿಟ್ ಡ್ರೈವರ್ ಚಿಪ್ ಕಂಪನಿಯ ತಾಣದಲ್ಲಿ ಸಿಕ್ಕಿತು. ಮಧ್ಯಾಹ್ನದ ವೇಳೆಗೆ ರಸೀದಿ ಮತ್ತೆ ಟರ್‌ರ್ ಎನ್ನುತ್ತಾ ಹೊರಬಂತು. ಖರ್ಚು ಒಂದು ರೂಪಾಯಿಯೂ ಇಲ್ಲ.

ಲಿನಕ್ಸಿನಲ್ಲಿ ಈ ಕೆಲಸ ಇನ್ನೂ ಸುಲಭ. ಅಲ್ಲಿ ಬಹುತೇಕ ಡ್ರೈವರುಗಳು ಕರ್ನೆಲ್ ಜೊತೆಗೇ ಬರುತ್ತವೆ. ಮೇಲೆ ಹೇಳಿದ ಚಿಪ್ಪಿನ ಸಂಖ್ಯೆಯೂ ಅದರ ಪಟ್ಟಿಯಲ್ಲಿದೆ. 1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿಗೂ ಅದರಲ್ಲಿ ಡ್ರೈವರ್ ಇದೆ. ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ, ಕಂಪನಿ ಕೈಬಿಟ್ಟರೂ ಬೇರೆಯವರು ಕೈಹಿಡಿಯಬಹುದು. ಲಿನಕ್ಸ್ ಕೂಡ ಎಲ್ಲವನ್ನೂ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ, ನಿಜ. ಆದರೆ ಪೆನ್ ಡ್ರೈವಿನಿಂದ ಉಬುಂಟು ಓಡಿಸಿ ನೋಡಿದರೆ, ಕಾರ್ಡ್ ಸತ್ತಿದೆಯೋ ಬದುಕಿದೆಯೋ ಎಂಬುದು ಹೆಚ್ಚಿನ ಸಲ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹಾರ್ಡ್ ಡಿಸ್ಕನ್ನು ಮುಟ್ಟುವ ಅಗತ್ಯವೂ ಇಲ್ಲ.

ಹಾಗೆಂದು ಹಳೆಯದೆಲ್ಲವನ್ನೂ ಹೇಗಾದರೂ ಮಾಡಿ ಉಳಿಸಬೇಕು ಎಂದು ನಾನು ಹೇಳುತ್ತಿಲ್ಲ. ಕಾರ್ಡ್ ಓಡಿಸಲು ವಿಂಡೋಸಿನ ಮೆಮೊರಿ ಇಂಟೆಗ್ರಿಟಿಯಂಥ ರಕ್ಷಣೆಯನ್ನೇ ಆಫ್ ಮಾಡಬೇಕಾದರೆ, ಆ ಕಾರ್ಡಿಗೆ ವಿದಾಯ ಹೇಳುವುದೇ ಸರಿ. ಒಂದು ಪ್ರಿಂಟರಿಗಾಗಿ ನೂರಾರು ವಿದ್ಯಾರ್ಥಿಗಳ ಮಾಹಿತಿಯನ್ನು ಅಪಾಯಕ್ಕೆ ಒಡ್ಡಬಾರದು. 'ಎಲ್ಲ ಡ್ರೈವರೂ ಉಚಿತ' ಎಂದು ಕರೆಯುವ ಗುರುತಿಲ್ಲದ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬಾರದು. ಡ್ರೈವರಿನ ಹೆಸರಿನಲ್ಲಿ ವೈರಸ್ ಬರುವುದು ಅಲ್ಲಿಂದಲೇ. ನಿಜವಾಗಿ ಸತ್ತ ಕಾರ್ಡನ್ನೂ ಬೀದಿ ಗುಜರಿಗೆ ಕೊಡದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಬೇಕು. ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಇದೇ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಮ್ಮ ಲ್ಯಾಬಿನ ಹಲವು ಕಂಪ್ಯೂಟರುಗಳು ಈ ಪರೀಕ್ಷೆಯಲ್ಲಿ ಫೇಲ್. ಒಂದು ಕಾರ್ಡಿಗೆ ಆದ ಅನ್ಯಾಯ ನಾಳೆ ಇಡೀ ಸಾಲು ಕಂಪ್ಯೂಟರುಗಳಿಗೆ ಆಗಲಿದೆ. ಹೊಸದನ್ನು ಕೊಳ್ಳುವ ಹಣ ಬರುವುದು ನಮ್ಮ ಪೋಷಕರ ಜೇಬಿನಿಂದ ಮತ್ತು ದಾನಿಗಳ ಕೈಯಿಂದ. ಅದೇ ಹಣದಲ್ಲಿ ಗ್ರಂಥಾಲಯಕ್ಕೆ ಸಿಇಟಿ, ನೀಟ್ ಪುಸ್ತಕಗಳು ಬರಬಹುದು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ಮೂರು ವಿನಂತಿಗಳಿವೆ. ಒಂದು, ಸಂಖ್ಯೆ ನೋಡಿ ಲಿನಕ್ಸಿನಲ್ಲಿ ಪರೀಕ್ಷಿಸುವವರೆಗೆ ಲ್ಯಾಬಿನ ಯಾವ ವಸ್ತುವನ್ನೂ 'ಕೆಟ್ಟಿದೆ' ಎಂದು ದಾಸ್ತಾನು ಪುಸ್ತಕದಲ್ಲಿ ಬರೆಯಬಾರದು. ಎರಡು, ಹೊಸದನ್ನು ಕೊಳ್ಳುವಾಗ ಬೆಲೆಯ ಜೊತೆಗೆ 'ಇದಕ್ಕೆ ಲಿನಕ್ಸ್ ಡ್ರೈವರ್ ಇದೆಯೇ?' ಎಂದೂ ಕೇಳಬೇಕು. ಮೂರು, ಶನಿವಾರ ಒಂದು ಗಂಟೆ ಆಸಕ್ತ ವಿದ್ಯಾರ್ಥಿಗಳಿಗೆ ಈ ಪರೀಕ್ಷೆ ಮಾಡಲು ಲ್ಯಾಬ್ ತೆರೆದಿಡಬೇಕು.

ಗೆಳೆಯರೇ, ಆ ಒಂದು ಗಂಟೆಗೆ ಅಂಕಗಳಿಲ್ಲ. ಆದರೆ ಬಸ್, ಪೋರ್ಟ್, ಡ್ರೈವರ್ ಎಂದು ಪಠ್ಯದಲ್ಲಿ ಬಾಯಿಪಾಠ ಮಾಡಿದ್ದನ್ನು ಕೈಯಲ್ಲಿ ಹಿಡಿದು ನೋಡಬಹುದು. ಕಾಮರ್ಸ್, ಆರ್ಟ್ಸ್ ಎಂಬ ಭೇದವಿಲ್ಲ, ಸ್ಕ್ರೂ ಡ್ರೈವರ್ ಹಿಡಿಯಲು ಬಂದರೆ ಸಾಕು. ಲ್ಯಾಬಿನ ಸರ್ ಒಪ್ಪಿದ್ದಾರೆ. ಬರುವವರು ಅವರ ಬಳಿ ಹೆಸರು ಬರೆಸಿ.