ಐಷಾರಾಮಿ ಕಾರಿನ ಲೀಸು: ಕಂತಿನಾಚೆಯ ಲೆಕ್ಕ

ಸಂಸಾರದ ಲೆಕ್ಕಾಚಾರ

ನಾಗರಬಾವಿ ಎರಡನೇ ಹಂತದಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರೊಬ್ಬರು ಈ ಅಂಕಣಕ್ಕೆ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಮಗ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉನ್ನತ ಹುದ್ದೆಯಲ್ಲಿದ್ದಾನೆ. ವೇಗಕ್ಕೆ ಹೆಸರಾದ ಜರ್ಮನ್ ಸೆಡಾನ್ ಕಾರೊಂದನ್ನು ನಾಲ್ಕು ವರ್ಷದ ಲೀಸಿಗೆ ಪಡೆಯಬೇಕೆಂಬುದು ಅವನ ಆಸೆ. ಎರಡು ಸಂಸ್ಥೆಗಳು ದರ ತಿಳಿಸಿವೆ. ಒಂದರ ಬಾಡಿಗೆ ತಿಂಗಳಿಗೆ 1,25,000 ರೂಪಾಯಿ, ಮತ್ತೊಂದರದು 1,95,000 ರೂಪಾಯಿ. ಮಗನ ಮನಸ್ಸು ಸಹಜವಾಗಿಯೇ ಮೊದಲನೆಯದರ ಕಡೆಗಿದೆ. ತಂದೆಯವರ ಪ್ರಶ್ನೆ ಮೂರು: ಇದು ಸಾಲವೋ, ಬಾಡಿಗೆಯೋ? ಎರಡರಲ್ಲಿ ಯಾವುದು ಅಗ್ಗ? ನಾಲ್ಕು ವರ್ಷದ ಕೊನೆಗೆ ಕಾರು ಯಾರದು?

ಇಷ್ಟು ಬೆಲೆಯ ಕಾರು ಎಲ್ಲ ಕುಟುಂಬಗಳ ಮಾತಲ್ಲ ಎಂಬುದು ನಿಜ. ಆದರೆ ಲೀಸಿನ ಲೆಕ್ಕ ಸಣ್ಣ ಕಾರಿಗೂ ದೊಡ್ಡ ಕಾರಿಗೂ ಒಂದೇ. ಮಾರುತಿ ಸುಜುಕಿ ಸಂಸ್ಥೆಯು 2020ರ ಜುಲೈನಲ್ಲಿ ತಿಂಗಳ ಬಾಡಿಗೆಯ ಮೇಲೆ ಕಾರು ಕೊಡುವ ಯೋಜನೆಯನ್ನು ಪ್ರಯೋಗಾರ್ಥವಾಗಿ ಆರಂಭಿಸಿದ್ದು ಗುರುಗ್ರಾಮ ಮತ್ತು ನಮ್ಮ ಬೆಂಗಳೂರಿನಲ್ಲಿಯೇ. ಆದುದರಿಂದ ಈ ವಿಚಾರವನ್ನು ತುಸು ವಿಸ್ತಾರವಾಗಿ ನೋಡೋಣ.

ಒಂದೇ ಪದ, ಎರಡು ಅರ್ಥ

ಮೊದಲು 'ಲೀಸು' ಎಂಬ ಪದದ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನಾಗರಬಾವಿ, ಚಂದ್ರಾ ಬಡಾವಣೆ, ವಿಜಯನಗರಗಳ ಮನೆಗಳ ಮುಂದೆ 'ಮನೆ ಲೀಸಿಗಿದೆ' ಎಂಬ ಫಲಕವನ್ನು ನಾವೆಲ್ಲ ಕಂಡಿದ್ದೇವೆ. ಹಿಂದಿನವರು ಇದನ್ನೇ ಭೋಗ್ಯ ಎನ್ನುತ್ತಿದ್ದರು. ಅಲ್ಲಿ ಒಂದು ಇಡುಗಂಟನ್ನು ಮನೆಯ ಮಾಲೀಕರಿಗೆ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುತ್ತೇವೆ; ಅವಧಿ ಮುಗಿದಾಗ ಆ ಇಡುಗಂಟು ಪೂರ್ತಿಯಾಗಿ ನಮ್ಮ ಕೈ ಸೇರುತ್ತದೆ. ನಾವು ಬಿಟ್ಟುಕೊಟ್ಟದ್ದು ಅದರ ಬಡ್ಡಿಯನ್ನು ಮಾತ್ರ.

ಕಾರಿನ ಲೀಸು ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ತಿಂಗಳು ತಿಂಗಳೂ ಕೊಟ್ಟ ಹಣದಲ್ಲಿ ಒಂದು ರೂಪಾಯಿಯೂ ಮರಳುವುದಿಲ್ಲ. ಠೇವಣಿಯೆಂದು ಬೇರೆಯಾಗಿ ಕೊಟ್ಟದ್ದಿದ್ದರೆ ಅದಷ್ಟೇ ಹಿಂದಿರುಗುತ್ತದೆ. ಅವಧಿ ಮುಗಿದಾಗ ಕಾರು ಸಂಸ್ಥೆಗೆ ಹೋಗುತ್ತದೆ. ಬೇಕಾದರೆ ಒಪ್ಪಂದದಲ್ಲಿ ಹೇಳಿದ ಬೆಲೆ ತೆತ್ತು ಕೊಳ್ಳಬಹುದು. ಹೀಗಾಗಿ ತಂದೆಯವರ ಮೊದಲ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಸ್ಪಷ್ಟ. ಇದು ಬಾಡಿಗೆ, ಕಾರು ಸಂಸ್ಥೆಯದು.

ಬಾಡಿಗೆಯ ಒಳಗೇನಿದೆ?

ತಿಂಗಳ ಬಾಡಿಗೆಯನ್ನು ಬಿಡಿಸಿ ನೋಡಿದರೆ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದು ಸವಕಳಿ, ಅಂದರೆ ಕಾರಿನ ಇಂದಿನ ಬೆಲೆಗೂ, ನಾಲ್ಕು ವರ್ಷದ ಬಳಿಕ ಅದಕ್ಕೆ ಬರಬಹುದೆಂದು ಸಂಸ್ಥೆ ಅಂದಾಜು ಮಾಡಿದ ಉಳಿಕೆ ಬೆಲೆಗೂ ಇರುವ ಅಂತರ. ಎರಡನೆಯದು ಸಂಸ್ಥೆ ಹೂಡಿದ ಹಣದ ಬಡ್ಡಿ ಮತ್ತು ಲಾಭ. ಮೂರನೆಯದು ತೆರಿಗೆ, ವಿಮೆ, ದುರಸ್ತಿ ಇತ್ಯಾದಿ.

ಇವುಗಳಲ್ಲಿ ದೊಡ್ಡದು ಸವಕಳಿ. ಕೊಳ್ಳುವವರು ಕಡಿಮೆಯಿರುವ ಕಾರಿನ ಉಳಿಕೆ ಬೆಲೆ ಬೇಗ ಕುಸಿಯುತ್ತದೆ. ಸ್ಪೋರ್ಟ್ಸ್ ಸೆಡಾನುಗಳ ಪಾಡು ಇದೇ. ಅವುಗಳಲ್ಲಿಯೂ ಭೇದಗಳಿವೆ. ಬಿಎಂಡಬ್ಲ್ಯು ಎಂ340ಐ ಕಾರು ಚೆನ್ನೈನ ಘಟಕದಲ್ಲಿ ಜೋಡಣೆಗೊಂಡು 2021ರ ಮಾರ್ಚ್‌ನಲ್ಲಿ 62.90 ಲಕ್ಷ ರೂಪಾಯಿಯ ಷೋರೂಂ ಬೆಲೆಗೆ ಬಂದಿತು. ಆರು ಸಿಲಿಂಡರಿನ, ಸುಮಾರು ಮೂರು ಲೀಟರಿನ ಎಂಜಿನ್ನಿನ ಈ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗವನ್ನು ಮುಟ್ಟಲು ಬೇಕಾದುದು 4.4 ಸೆಕೆಂಡು. ಪೂರ್ಣವಾಗಿ ವಿದೇಶದಲ್ಲಿಯೇ ತಯಾರಾಗಿ ಬರುವ ಮರ್ಸಿಡಿಸ್-ಎಎಂಜಿ ಸಿ43, 2023ರ ನವೆಂಬರ್‌ನಲ್ಲಿ 98 ಲಕ್ಷ ರೂಪಾಯಿಗೆ ಬಂದಿತು. ಅದರ ಎಂಜಿನ್ ಎರಡು ಲೀಟರಿನದು. ಆಮದು ಸುಂಕ ಹೊತ್ತು ಬಂದ ಕಾರಿಗೆ ತೆತ್ತ ಸುಂಕವು ಮರುಮಾರಾಟದಲ್ಲಿ ಪೂರ್ತಿ ಕೈಸೇರುವುದಿಲ್ಲ. ಆದುದರಿಂದ ಎರಡು ಕಾರುಗಳನ್ನು ಹೋಲಿಸುವಾಗ, 'ನಾಲ್ಕು ವರ್ಷದ ಕೊನೆಗೆ ಇದರ ಉಳಿಕೆ ಬೆಲೆಯನ್ನು ಎಷ್ಟೆಂದು ಹಿಡಿದಿದ್ದೀರಿ?' ಎಂಬ ಪ್ರಶ್ನೆಯನ್ನು ಸಂಸ್ಥೆಯವರಿಗೆ ತಪ್ಪದೆ ಕೇಳಬೇಕು.

ತೆರಿಗೆಯ ಭಾರ

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲೆ ಶೇ. 40ರ ಜಿಎಸ್‌ಟಿ ಇದೆ. ಅದಕ್ಕೆ ಮುನ್ನ ಶೇ. 28ರ ತೆರಿಗೆ ಮತ್ತು ಅದರ ಮೇಲೆ ಪರಿಹಾರ ಸೆಸ್ ಇತ್ತು. ನಾಲ್ಕು ಮೀಟರಿಗಿಂತ ಉದ್ದವಾದ ಸೆಡಾನುಗಳೆಲ್ಲ ಈ ವರ್ಗಕ್ಕೇ ಸೇರುತ್ತವೆ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೂ ಮಾರಾಟಕ್ಕಿರುವ ದರವೇ ಅನ್ವಯಿಸುತ್ತದೆ. ಅಂದರೆ ಲೀಸಿನ ಬಾಡಿಗೆಯ ಮೇಲೂ ಶೇ. 40! 'ತೆರಿಗೆ ಪ್ರತ್ಯೇಕ' ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ 1,25,000 ರೂಪಾಯಿ ವಾಸ್ತವದಲ್ಲಿ 1,75,000 ರೂಪಾಯಿ.

ಇದಲ್ಲದೆ ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೇಲ್ಪಟ್ಟ ಕಾರುಗಳಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್ ಸೇರಿದರೆ ಬೆಲೆಯ ಐದನೆಯ ಒಂದು ಭಾಗದಷ್ಟಾಗುತ್ತದೆ. ಇದನ್ನು ಉಳಿಸಲು ಕಾರನ್ನು ಹೊರರಾಜ್ಯದಲ್ಲಿ ನೋಂದಾಯಿಸುವ ಸಲಹೆ ಬಂದರೆ ಒಪ್ಪಬೇಡಿ. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನಂತೆ ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆಯನ್ನು ಪಡೆಯಲೇಬೇಕು. ನಾಲ್ಕು ವರ್ಷ ಓಡಿಸುವ ಕಾರಿಗೆ ಈ ದಾರಿ ಸಲ್ಲದು.

ಎರಡು ದರಗಳ ತುಲನೆ

ಈಗ ಪತ್ರದಲ್ಲಿನ ಎರಡು ದರಗಳನ್ನು ತಕ್ಕಡಿಯಲ್ಲಿ ಇಡೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಪೂರ್ಣಾಂಕಗಳಿಗೆ ತಂದಿದ್ದೇನೆ. ಎರಡೂ 70 ಲಕ್ಷ ರೂಪಾಯಿ ಷೋರೂಂ ಬೆಲೆಯ ಒಂದೇ ಕಾರಿಗೆ, 48 ತಿಂಗಳ ಅವಧಿಗೆ.

ಮೊದಲ ಸಂಸ್ಥೆ: ಬಾಡಿಗೆ 1,25,000 ರೂಪಾಯಿ, ತೆರಿಗೆ ಪ್ರತ್ಯೇಕ. ಮರಳಿ ಬಾರದ ಮುಂಗಡ 10 ಲಕ್ಷ. ವಿಮೆ, ದುರಸ್ತಿ ನಮ್ಮದೇ. ವರ್ಷಕ್ಕೆ 10,000 ಕಿ.ಮೀ. ಮಿತಿ, ಮೀರಿದರೆ ಕಿ.ಮೀ.ಗೆ 20 ರೂಪಾಯಿ.

ಎರಡನೆಯ ಸಂಸ್ಥೆ: ಬಾಡಿಗೆ 1,95,000 ರೂಪಾಯಿ, ಎಲ್ಲ ತೆರಿಗೆ ಸೇರಿ. ಮುಂಗಡವಿಲ್ಲ. ವಿಮೆ, ದುರಸ್ತಿ ಸೇರಿದೆ. ವರ್ಷಕ್ಕೆ 15,000 ಕಿ.ಮೀ. ಮಿತಿ.

ನಾಗರಬಾವಿಯಿಂದ ವೈಟ್‌ಫೀಲ್ಡ್‌ಗೆ ಹೋಗಿ ಬರಲು ಸುಮಾರು 60 ಕಿ.ಮೀ. ವರ್ಷಕ್ಕೆ 220 ದಿನ ಎಂದರೂ 13,200 ಕಿ.ಮೀ. ಆಯಿತು. ಹಬ್ಬ, ಮದುವೆಗಳಿಗೆ ಊರಿಗೆ ಹೋಗಿ ಬರುವುದೂ ಸೇರಿದರೆ 15,000 ಮುಟ್ಟುತ್ತದೆ. ಹಾಗಾದರೆ ಮೊದಲ ಸಂಸ್ಥೆಗೆ ಬಾಡಿಗೆ ತೆರಿಗೆ ಸೇರಿ 84 ಲಕ್ಷ, ಮುಂಗಡ 10 ಲಕ್ಷ, ಮಿತಿ ಮೀರಿದ 20,000 ಕಿ.ಮೀ.ಗೆ 4 ಲಕ್ಷ. ಹೊರಗೆ ವಿಮೆಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ. ಒಟ್ಟು 1 ಕೋಟಿ 4 ಲಕ್ಷ. ದುರಸ್ತಿ ಇನ್ನೂ ಬೇರೆ. ಎರಡನೆಯದರ ಒಟ್ಟು 93 ಲಕ್ಷ 60 ಸಾವಿರ. ತಿಂಗಳಿಗೆ 70,000 ಕಡಿಮೆಯೆಂದು ಕಂಡದ್ದು ಕೊನೆಗೆ 10 ಲಕ್ಷ ರೂಪಾಯಿಗೂ ಮಿಕ್ಕಿ ದುಬಾರಿ! ಇದೇ ತಂದೆಯವರ ಎರಡನೆಯ ಪ್ರಶ್ನೆಗೆ ಉತ್ತರ.

ಇನ್ನೊಂದು ಮಾತು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಅಖಂಡವಾಗಿ ಓಡುತ್ತಿದೆ. ಮಗ ಅತ್ತಿಗುಪ್ಪೆಯಲ್ಲೋ ವಿಜಯನಗರದಲ್ಲೋ ರೈಲು ಹತ್ತುವವನಾದರೆ ಅಷ್ಟು ಕಿಲೋಮೀಟರು ಬೇಡವೇ ಬೇಡ. ಓಡಿಸದ ಕಿಲೋಮೀಟರಿಗೂ ಬಾಡಿಗೆ ತೆರುವುದು ನಷ್ಟವೇ. ನಿಜವಾದ ಓಡಾಟವನ್ನು ಮೊದಲು ಬರೆದುಕೊಂಡು, ಅನಂತರ ಮಿತಿಯನ್ನು ಗೊತ್ತುಮಾಡಿಸಬೇಕು.

ಕೊಂಡರೆ ಹೇಗೆ?

ಇದೇ ಕಾರು ತೆರಿಗೆ, ವಿಮೆ, ನೋಂದಣಿ ಸೇರಿ ಸುಮಾರು 87 ಲಕ್ಷಕ್ಕೆ ಮನೆ ಸೇರುತ್ತದೆ. 17 ಲಕ್ಷ ಕೈಯಿಂದ ಹಾಕಿ, 70 ಲಕ್ಷವನ್ನು ಶೇ. 9ರ ಬಡ್ಡಿಗೆ ನಾಲ್ಕು ವರ್ಷದ ಸಾಲ ಪಡೆದರೆ ಕಂತು ಸುಮಾರು 1,74,200 ರೂಪಾಯಿ. ಒಟ್ಟು ಸುಮಾರು 83 ಲಕ್ಷ 60 ಸಾವಿರ. ಮುಂದಿನ ಮೂರು ವರ್ಷದ ವಿಮೆಗೆ ನಾಲ್ಕೂವರೆ ಲಕ್ಷ, ದುರಸ್ತಿಗೆ 2 ಲಕ್ಷ, ಕೈಯಿಂದ ಹಾಕಿದ ಹಣಕ್ಕೆ ಬ್ಯಾಂಕಿನಲ್ಲಿ ಬರುತ್ತಿದ್ದ ಬಡ್ಡಿ ಸುಮಾರು 5 ಲಕ್ಷ. ಇವೆಲ್ಲ ಸೇರಿ 1 ಕೋಟಿ 12 ಲಕ್ಷ. ನಾಲ್ಕು ವರ್ಷದ ಬಳಿಕ ಕಾರನ್ನು 35 ಲಕ್ಷಕ್ಕೆ ಮಾರಿದರೆ ನಿವ್ವಳ ವೆಚ್ಚ 77 ಲಕ್ಷ. 25 ಲಕ್ಷವೇ ಬಂದರೂ 87 ಲಕ್ಷ. ಅಂದರೆ ಕಿಸೆಯ ಹಣದಿಂದ ಲೀಸಿಗೆ ಪಡೆಯುವುದಕ್ಕಿಂತ ಕೊಳ್ಳುವುದೇ ಲೇಸು.

ಹಾಗಾದರೆ ಲೀಸಿನ ಲಾಭವೆಲ್ಲಿದೆ? ಅದು ಕಂಪನಿಯ ಮೂಲಕ ಪಡೆದಾಗ ಮಾತ್ರ. ಆಗ ಬಾಡಿಗೆಯನ್ನು ಆದಾಯ ತೆರಿಗೆಗೆ ಮೊದಲೇ ಸಂಬಳದಿಂದ ಕಳೆಯುತ್ತಾರೆ. ಶೇ. 30ರ ಹಂತದಲ್ಲಿ ಸೆಸ್ ಸೇರಿ ಶೇ. 31.2ರ ತೆರಿಗೆ ಕಟ್ಟುವವರಿಗೆ 93 ಲಕ್ಷ 60 ಸಾವಿರದ ಮೇಲೆ ಸುಮಾರು 29 ಲಕ್ಷದ ತೆರಿಗೆ ಉಳಿಯುತ್ತದೆ; ನಿವ್ವಳ ವೆಚ್ಚ ಸುಮಾರು ಅರವತ್ತನಾಲ್ಕೂವರೆ ಲಕ್ಷ. ಕಾರನ್ನು ಕಚೇರಿಗೂ ಸ್ವಂತಕ್ಕೂ ಬಳಸಿದರೆ, ಆ ಸವಲತ್ತಿಗೆ ಸರ್ಕಾರ ಗೊತ್ತುಪಡಿಸಿದ ಮೌಲ್ಯವನ್ನು ಮಾತ್ರ ಆದಾಯಕ್ಕೆ ಸೇರಿಸುತ್ತಾರೆ. ಕೇವಲ ಸ್ವಂತಕ್ಕೆ ಬಳಸಿದರೆ ಪೂರ್ಣ ವೆಚ್ಚವೇ ತೆರಿಗೆಗೆ ಒಳಪಡುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಗೆ ಬಂದಿರುವುದರಿಂದ, ಆಯಾ ವರ್ಷದ ಮೌಲ್ಯವನ್ನು ಕಂಪನಿಯ ಲೆಕ್ಕಪತ್ರ ವಿಭಾಗದಿಂದ ಬರಹದಲ್ಲಿಯೇ ಪಡೆಯುವುದು ಒಳಿತು.

ಕೆಲಸ ಹೋದರೆ?

ತಂದೆಯವರು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆ ಇದು. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದೊಡ್ಡ ಸಂಬಳದ ನೌಕರಿಗಳೂ ಒಂದೇ ದಿನದಲ್ಲಿ ಕೈಬಿಟ್ಟುಹೋದುದನ್ನು ಕಳೆದ ಕೆಲವು ವರ್ಷಗಳಲ್ಲಿ ಕಂಡಿದ್ದೇವೆ. ಎರಡು ವರ್ಷ ಕಳೆದ ಮೇಲೆ ನೌಕರಿ ಹೋಯಿತೆನ್ನಿ. ಉಳಿದ 24 ತಿಂಗಳ ಬಾಡಿಗೆ 46 ಲಕ್ಷ 80 ಸಾವಿರ. ಅವಧಿಗೆ ಮುನ್ನ ಕಾರು ಹಿಂದಿರುಗಿಸಿದರೆ ಅದರ ಅರ್ಧವನ್ನು ಕೊಡಬೇಕೆಂದು ಒಪ್ಪಂದದಲ್ಲಿದ್ದರೂ 23 ಲಕ್ಷ 40 ಸಾವಿರ ರೂಪಾಯಿಯನ್ನು ಒಮ್ಮೆಗೇ ಹೊಂದಿಸಬೇಕು. ಅದೂ ಸಂಬಳ ನಿಂತ ತಿಂಗಳಿನಲ್ಲಿ. ಕೊಳ್ಳುವುದಕ್ಕೆ ಹೋಲಿಸಿದರೆ ಲೀಸಿನಿಂದ ಉಳಿಯುವುದು ಪೂರ್ಣ ಅವಧಿಗೆ ಹನ್ನೆರಡು ಲಕ್ಷದಷ್ಟು ಮಾತ್ರ. ಆ ಉಳಿತಾಯ ಈ ಒಂದು ಷರತ್ತಿನಲ್ಲಿಯೇ ಕರಗಿಹೋಗುತ್ತದೆ. ಸ್ವಂತದ ಕಾರಾದರೆ ಮಾರಿ ಸಾಲದ ಬಹುಭಾಗವನ್ನಾದರೂ ತೀರಿಸಬಹುದು. ಲೀಸಿನ ಕಾರನ್ನು ಮಾರುವ ಹಕ್ಕು ನಮಗಿಲ್ಲ. ಮಗನ ಕಾರಿನ ಋಣಕ್ಕೆ ತಂದೆಯ ನಿವೃತ್ತಿಯ ಹಣವೋ, ಮೂವತ್ತು-ನಲವತ್ತರ ನಿವೇಶನದ ಮನೆಯೋ ಅಡವಾಗಬಾರದು.

ಕಾಯಿದೆಯ ಮತ್ತೊಂದು ಅಂಶವನ್ನೂ ನೆನಪಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ 2(30)ನೇ ಕಲಮು, ಲೀಸಿನ ವಾಹನಕ್ಕೆ ಅದನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರನ್ನೇ 'ಮಾಲೀಕ' ಎಂದು ಪರಿಗಣಿಸುತ್ತದೆ. ಕಾರು ನಮ್ಮದಲ್ಲವಾದರೂ ಅಪಘಾತದ ಹೊಣೆಯಿಂದ ಕೈ ತೊಳೆದುಕೊಳ್ಳಲಾಗದು. ವಿಮೆ ಒಂದು ದಿನವೂ ತಪ್ಪಬಾರದು.

ಸಹಿಗೆ ಮುನ್ನ

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಆರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ:

1. ಜಿಎಸ್‌ಟಿ, ಆಜೀವ ತೆರಿಗೆ, ವಿಮೆ ಬಾಡಿಗೆಯಲ್ಲಿ ಸೇರಿವೆಯೇ?
2. ಮುಂಗಡ ಮತ್ತು ಠೇವಣಿಗಳಲ್ಲಿ ಮರಳಿ ಬರುವುದೆಷ್ಟು?
3. ಕಿಲೋಮೀಟರ್ ಮಿತಿ ಎಷ್ಟು, ಮೀರಿದರೆ ದರವೆಷ್ಟು?
4. ನೌಕರಿ ಬಿಟ್ಟರೆ ಅಥವಾ ಕಳೆದುಕೊಂಡರೆ ತೆರಬೇಕಾದುದೆಷ್ಟು? ಹೊಸ ಕಂಪನಿಗೆ ಲೀಸನ್ನು ವರ್ಗಾಯಿಸಬಹುದೇ?
5. ಕಾರು ಹಿಂದಿರುಗಿಸುವಾಗ ಗೀರು, ತಗ್ಗು, ಟೈರುಗಳಿಗೆ ಹಣ ಕಡಿಯುತ್ತಾರೆಯೇ? ನೆಲಕ್ಕೆ ಹತ್ತಿರವಾಗಿ ಕೂರುವ ಈ ಕಾರುಗಳಿಗೂ ನಮ್ಮ ಬಡಾವಣೆಯ ರಸ್ತೆ ಉಬ್ಬು, ಗುಂಡಿಗಳಿಗೂ ಹೊಂದಿಕೆ ಕಡಿಮೆ.
6. ಕೊನೆಗೆ ಕೊಳ್ಳಬೇಕೆಂದರೆ ಬೆಲೆ ಎಷ್ಟು?

ಜೊತೆಗೆ ವಿದ್ಯುತ್ ಸೆಡಾನಿನ ದರವನ್ನೂ ಒಮ್ಮೆ ಕೇಳಿ ನೋಡಬಹುದು. ಅವುಗಳ ಮೇಲಿನ ಜಿಎಸ್‌ಟಿ ಶೇ. 5 ಮಾತ್ರ, 25 ಲಕ್ಷಕ್ಕೆ ಮೇಲ್ಪಟ್ಟ ವಿದ್ಯುತ್ ಕಾರುಗಳಿಗೆ 2024ರಲ್ಲಿ ಕರ್ನಾಟಕ ವಿಧಿಸಿದ ಆಜೀವ ತೆರಿಗೆಯೂ ಶೇ. 10. ವೇಗದಲ್ಲಿ ಅವು ಹಿಂದೆ ಬಿದ್ದವಲ್ಲ.

ದುಡಿದು ಗಳಿಸಿದ ಮಕ್ಕಳು ಒಳ್ಳೆಯ ಕಾರನ್ನು ಬಯಸುವುದು ತಪ್ಪಲ್ಲ. ಅದನ್ನು ದುಂದೆಂದು ಹಳಿಯುವುದರಿಂದ ಮನೆಯಲ್ಲಿ ಮಾತು ನಿಲ್ಲುತ್ತದೆಯೇ ಹೊರತು ಆಸೆ ನಿಲ್ಲುವುದಿಲ್ಲ. ಅದರ ಬದಲು ಒಂದು ಭಾನುವಾರ ತಂದೆ-ಮಗ ಒಂದೇ ಹಾಳೆಯ ಮೇಲೆ ಮೂರು ಅಂಕಣ ಗೀಚಿ, ಎರಡು ಲೀಸು ಮತ್ತು ಒಂದು ಖರೀದಿಯ ಒಟ್ಟು ವೆಚ್ಚವನ್ನು ಬರೆಯಲಿ. ಕೆಳಗೆ ನಾಲ್ಕನೆಯ ಸಾಲಾಗಿ, ಆರು ತಿಂಗಳು ಸಂಬಳವಿಲ್ಲದಿದ್ದರೆ ಈ ಕಂತನ್ನು ಯಾವ ಹಣದಿಂದ ಕಟ್ಟುತ್ತೇವೆ ಎಂಬುದನ್ನೂ ಬರೆಯಲಿ. ಆ ಸಾಲಿಗೆ ಉತ್ತರವಿದ್ದರೆ ಕಾರು ಮನೆಗೆ ಬರಲಿ.