ಚೌಕಾಬಾರಾದಲ್ಲಿ ಸೋತ ದಿನ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಬಾಗಲಕೋಟೆ ತಾಲೂಕಿನ ಬೇವೂರಿಗೆ ಹೋಗುವ ಪ್ರಸಂಗ ಒದಗಿತು. ಪ್ರವಚನ ಸಾಯಂಕಾಲಕ್ಕೆ, ಹಗಲೆಲ್ಲ ಭಕ್ತರೊಬ್ಬರ ಮನೆಯಲ್ಲಿ ವಿಶ್ರಾಂತಿ. ಪೂಜೆ ಮುಗಿಸಿ ಪಡಸಾಲೆಗೆ ಬಂದಾಗ ಹತ್ತು ಗಂಟೆ ಹೊಡೆದಿತ್ತು. ಆ ಮನೆಯ ಹನ್ನೊಂದು ವರ್ಷದ ಮಗಳೂ ಎಂಟು ವರ್ಷದ ಮಗನೂ ಹಾಸುಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಚೌಕಾಬಾರಾದ ಮನೆಗಳನ್ನು ಬರೆಯುತ್ತ ಕುಳಿತಿದ್ದರು. ಅದು ಸೂಟಿಯ ದಿನವಲ್ಲ.

“ಸಾಲಿಗೆ ಹೋಗಿಲ್ಲೇನವ್ವಾ?” ಎಂದೆವು.

“ನಮ್ಮ ಸಾಲಿ ಇದ ರೀ ಅಜ್ಜಾರ” ಎಂದಳು ಹುಡುಗಿ, ತಲೆಯೆತ್ತದೆ.

ಆ ಉತ್ತರ ನಮಗೆ ರುಚಿಸಲಿಲ್ಲ. ಕಾರಣವನ್ನು ಓದುಗರಿಂದ ಮರೆಮಾಚುವುದಿಲ್ಲ. ನಮಗೊಬ್ಬ ಅಕ್ಕನಿದ್ದಳು. ಮೂರನೆಯ ಇಯತ್ತೆಯಲ್ಲಿ ಆಕೆಯನ್ನು ಶಾಲೆ ಬಿಡಿಸಿ ಮನೆಯಲ್ಲಿರಿಸಿದರು. ‘ಹೆಣ್ಣುಮಗಳು ಮನೆಯಲ್ಲೇ ಕಲಿಯಲಿ’ ಎಂಬ ಮಾತು ಆಗಲೂ ಇತ್ತು. ಆಕೆ ಕಲಿತದ್ದು ರೊಟ್ಟಿ ಬಡಿಯುವುದನ್ನು. ನಾವು ಮಠಕ್ಕೆ ಹೋಗಿ ಸಂಸ್ಕೃತ ಓದಿದೆವು. ಊರಿನಿಂದ ಬಂದ ಕಾಗದಗಳಲ್ಲಿ ಆಕೆಯ ಕೈಬರಹ ಎಂದೂ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮನೆಯಲ್ಲಿ ಹೆಣ್ಣುಮಗುವನ್ನು ಕಂಡರೆ ಈಗಲೂ ನಮಗೆ ಅಕ್ಕನ ನೆನಪೇ ಮೊದಲು ಬರುತ್ತದೆ.

ತಾಯಿ ವಿಷಯವನ್ನು ಬಿಡಿಸಿ ಹೇಳಿದರು. ಅವರು ಶಿಕ್ಷಕಿಯ ತರಬೇತಿ ಪಡೆದವರು. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಮಗಳಿಗೆ ಒಂದನೆಯ ಇಯತ್ತೆ ಸೇರುವ ವಯಸ್ಸು. ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರೇ ಊರೂರಿಗೆ ಬಂದು ಗುಡಿಯ ಪ್ರಾಂಗಣ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ಇಯತ್ತೆಯವರಿಗೆ ರಾಜ್ಯದಲ್ಲಿ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಅವಧಿಯಲ್ಲಿ ಮಗಳು ಆಡುತ್ತಾಡುತ್ತಲೇ ಓದಲು ಕಲಿತಳು. ಮನೆಯವರು ಮುಂದೆಯೂ ಹಾಗೆಯೇ ನಡೆಸಿದರು.

“ಅಜ್ಜಾರ, ನಿಮ್ಮ ಕಾಯಿ ಇಡ್ರಿ” ಎಂದು ಹುಡುಗ ನಾಲ್ಕು ಹುಣಸೆಬೀಜ ನಮ್ಮ ಮುಂದಿಟ್ಟ. ಶಾಸ್ತ್ರಿಗಳೆನಿಸಿಕೊಂಡವರು ನೆಲದ ಮೇಲೆ ಕವಡೆ ಎಸೆಯುವುದೆ? ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕುಳಿತೆವು.

ಹುಡುಗಿ ನಮ್ಮ ಕಾಯನ್ನು ಕಡಿಯುತ್ತಲೇ ಹೋದಳು. ಅವಳ ಕಾಯಿ ಮಾತ್ರ ನಮ್ಮ ಕೈಗೆ ಸಿಕ್ಕದು. ಮೂರನೆಯ ಆಟಕ್ಕೆ ಗುಟ್ಟು ಕೇಳಿದೆವು. ಅವಳು ಒಂದು ವಹಿ ತಂದಳು. ಯಾವ ಗರ ಎಷ್ಟು ಸಲ ಬಿತ್ತೆಂದು ಗೆರೆ ಎಳೆದು ಗುರುತಿಸಿದ್ದಳು. ಎರಡರ ಸಾಲು ಎಲ್ಲಕ್ಕಿಂತ ಉದ್ದ. ನಾಲ್ಕು ಕವಡೆಗಳು ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬೀಳುವ ಬಗೆ ಆರು, ಒಂದು ಮತ್ತು ಮೂರಕ್ಕೆ ನಾಲ್ಕು ನಾಲ್ಕು, ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. (ಕವಡೆಯ ಎರಡು ಮಗ್ಗುಲು ಸಮನಲ್ಲವಾದ್ದರಿಂದ ಅಷ್ಟು ಕರಾರುವಾಕ್ಕಾಗಿ ಬಾರದು, ಆ ಮಾತನ್ನೂ ಅವಳೇ ಹೇಳಿದಳು.) ಆದುದರಿಂದ ನಮ್ಮ ಕಾಯಿಯಿಂದ ಎರಡು ಮನೆ ಮುಂದೆ ಅವಳು ಎಂದೂ ನಿಲ್ಲುತ್ತಿರಲಿಲ್ಲ. ತರ್ಕಶಾಸ್ತ್ರದ ಗ್ರಂಥಗಳನ್ನು ಕಂಠಪಾಠ ಮಾಡಿದ ನಮಗೆ ಅರವತ್ತು ದಾಟಿದರೂ ಈ ಲೆಕ್ಕ ಹೊಳೆದಿರಲಿಲ್ಲ. ನಾವು ಕಲಿಯುವಾಗ ತಪ್ಪಿದರೆ ಬೆತ್ತ ಬೀಳುತ್ತಿತ್ತು. ಸೋತು ನಕ್ಕದ್ದು ನೆನಪಿಲ್ಲ.

ಊಟಕ್ಕೆ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಒಂದು ರೊಟ್ಟಿ ಮೂರು ಮೂಲೆಯದಾಗಿತ್ತು. ಅದನ್ನು ಬಡಿದವನು ಹುಡುಗ. ಅಕ್ಕ ವಹಿ ಹಿಡಿದು ಕುಳಿತಿದ್ದಳು. ಅದನ್ನು ಕಂಡು ನಮ್ಮ ಮನಸ್ಸು ಎಷ್ಟೋ ತಿಳಿಯಾಯಿತು.

ಆದರೂ ಆ ಮನೆಯ ಅಜ್ಜಿಗೆ ಸಮಾಧಾನವಿಲ್ಲ. “ಸಾಲಿ ಬಿಟ್ಟ ಹುಡುಗ್ರು ಅಂತ ಮಂದಿ ಅಂತಾರ್ರೀ” ಎಂದು ಕಣ್ಣೊರೆಸಿಕೊಂಡರು. ಸೊಸೆ ಶಿವರಾಮ ಕಾರಂತರ ಉದಾಹರಣೆ ಕೊಟ್ಟರು. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ರಚಿಸಿದ ಕಾರಂತರು ಪುತ್ತೂರಿನ ತಮ್ಮ ಮನೆಯಲ್ಲೇ ಮಗನಿಗೆ ಮೊದಲ ಪಾಠ ಕಲಿಸಿದರು; ಆ ಉಲ್ಲಾಸ ಕಾರಂತರು ಮುಂದೆ ಹುಲಿಗಳ ಅಧ್ಯಯನದಿಂದ ಜಗತ್ಪ್ರಸಿದ್ಧರಾದರು. ನಿಜ. ಎಲ್ಲ ಮಕ್ಕಳಿಗೂ ಕಾರಂತರಂಥ ತಂದೆ ಸಿಗುವುದಿಲ್ಲವೆಂದು ನಾವೆಂದೆವು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕರ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ದಂಡದ ಮಾತಿಲ್ಲದಿದ್ದರೂ ಕರ್ತವ್ಯ ಕರ್ತವ್ಯವೇ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂಡಿಸುವ ವಿಚಾರ ಅವರದು. ಆ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದೆಂದು ಮಾತು ತೆಗೆದುಕೊಂಡೆವು. ಇದನ್ನು ಓದಿ ಯಾರಾದರೂ ಹೆಣ್ಣುಮಗಳ ಪಾಟಿಚೀಲ ಗೂಟಕ್ಕೆ ಹಾಕಿದರೆ ಆ ಪಾಪಕ್ಕೆ ನಾವು ಭಾಗಿಗಳಲ್ಲ.

ಸಂಜೆಯಾಗುತ್ತಿದ್ದಂತೆ ಹುಡುಗ ಆಟದಲ್ಲಿ ಲಕ್ಷ್ಯವಿಡಲಿಲ್ಲ. ಮೇಲಿಂದ ಮೇಲೆ ಬಾಗಿಲ ಕಡೆ ನೋಡುತ್ತಿದ್ದ. ಶಾಲೆ ಬಿಟ್ಟ ಮಕ್ಕಳ ಗದ್ದಲ ಓಣಿಯಲ್ಲಿ ಕೇಳಿದ್ದೇ ತಡ, ಚಿಣಿಫಣಿಯ ಕೋಲು ಹಿಡಿದು ಓಡಿದ. ಅಷ್ಟು ಹೊತ್ತು ಆ ಹುಡುಗ ಕಾದದ್ದನ್ನು ತಾಯಿಯೂ ನೋಡಿದರು, ನಾವೂ ನೋಡಿದೆವು. ಇಬ್ಬರೂ ಮಾತನಾಡಲಿಲ್ಲ.

ಪ್ರವಚನಕ್ಕೆ ಕರೆಯಲು ಜನ ಬಂದರು. ನಮ್ಮ ಎರಡು ಕಾಯಿ ಇನ್ನೂ ಹಣ್ಣಾಗಿರಲಿಲ್ಲ.

“ಹಾಂಗ ಇಟ್ಟಿರತೀನ್ರಿ ಅಜ್ಜಾರ, ಮುಂದಿನ ಸಲ ಬಂದಾಗ ಆಡೂಣು” ಎಂದಳು ಹುಡುಗಿ, ವಹಿಯಲ್ಲಿ ಮನೆಗಳ ಗುರುತು ಬರೆದುಕೊಳ್ಳುತ್ತ.